ಎಡಗೈಯ ರೈಫಲ್ ಮತ್ತು ದೊಡ್ಡ ತೋಟಾ

ಅರ್ಜುನನಿಗೆ ಸವ್ಯಸಾಚಿ ಎಂಬ ಹೆಸರಿದೆ. ಎಡಗೈಯಿಂದಲೂ ಬಾಣ ಬಿಡಬಲ್ಲವನು ಎಂಬುದು ಅದರ ಅರ್ಥ. ಈ ಹೆಸರನ್ನು ಕೇಳಿದಾಗ ಬಿಲ್ಲುಗಾರನ ಕೈಚಳಕವಷ್ಟೇ ನಮ್ಮ ಮನಸ್ಸಿಗೆ ಬರುತ್ತದೆ. ಬಿಲ್ಲಿನ ಔದಾರ್ಯ ಹೊಳೆಯುವುದಿಲ್ಲ. ಹಳೆಯ ಮರದ ಬಿಲ್ಲಿಗೆ ಎಡಬಲಗಳ ಭೇದ ಅಷ್ಟಾಗಿ ಇಲ್ಲ. ಯಾವ ಕೈ ಹಿಡಿದರೂ, ಯಾವ ಕೈ ನಾಣನ್ನು ಸೆಳೆದರೂ ಅದು ಬಾಗುತ್ತದೆ. ಅರ್ಜುನನ ಕೈಗೆ ಗಾಂಡೀವದ ಬದಲು ಇಪ್ಪತ್ತನೆಯ ಶತಮಾನದ ಬೇಟೆಯ ರೈಫಲನ್ನು ಕೊಟ್ಟಿದ್ದರೆ ಅವನ ಎಡಗೈ ತಡವರಿಸುತ್ತಿತ್ತು. ಆ ಯಂತ್ರವನ್ನು ರೂಪಿಸಿದವರು ಬಲಗೈಯವರನ್ನು ಮಾತ್ರ ಕಣ್ಣಮುಂದೆ ಇರಿಸಿಕೊಂಡಿದ್ದರು.

ಮನುಷ್ಯರಲ್ಲಿ ಸುಮಾರು ಹತ್ತಕ್ಕೆ ಒಬ್ಬರು ಎಡಗೈಯವರು. ಉತ್ತರ ಕರ್ನಾಟಕದ ಮಾತಿನಲ್ಲಿ ರೊಡ್ಡ, ದಕ್ಷಿಣದಲ್ಲಿ ಎಡಚ. ಎರಡರಲ್ಲಿಯೂ ತುಸು ಹಾಸ್ಯ, ತುಸು ತಾತ್ಸಾರ ಬೆರೆತಿವೆ. ಕತ್ತರಿ, ಕುಡುಗೋಲು ಮೊದಲಾದ ಉಪಕರಣಗಳೊಡನೆ ಈ ಜನ ಹೇಗೋ ಹೊಂದಿಕೊಂಡು ಬಂದಿದ್ದಾರೆ. ಕೋವಿಯ ವಿಷಯ ಹಾಗಲ್ಲ. ಅಲ್ಲಿ ಹೊಂದಿಕೆಯೆಂದರೆ ಕೆಲವೊಮ್ಮೆ ಪ್ರಾಣದ ಪ್ರಶ್ನೆ. ಎಡಗೈಯವರಿಗಾಗಿ ಮಾಡಿದ ಚಿಲಕದ ರೈಫಲ್ ಒಂದನ್ನು ದೊಡ್ಡ ಬೇಟೆಯ ತೋಟಾಕ್ಕೆ ಮಾರ್ಪಡಿಸುವ ಕೆಲಸ ಬಂದೂಕು ಕುಶಲಕರ್ಮಿಗಳ ಲೋಕದಲ್ಲಿ ಒಂದು ಪ್ರತ್ಯೇಕ ಅಧ್ಯಾಯವಾಗಿ ಬೆಳೆದಿರುವುದಕ್ಕೆ ಇದೇ ಕಾರಣ.

ಮೊದಲು ಹೆಸರುಗಳ ಮಾತು. ಕೋವಿ ಎಂಬುದು ಕನ್ನಡದ್ದೇ ಪದ. ಟೊಳ್ಳಾದ ಕೊಳವೆ ಎಂಬುದು ಅದರ ಹಳೆಯ ಅರ್ಥ. ತುಪಾಕಿ ತುರ್ಕಿಯ ಕಡೆಯಿಂದ ಬಂದದ್ದು, ಬಂದೂಕು ಅರಬ್ಬಿಯ ಕಡೆಯಿಂದ. ಕೃಷ್ಣೆ ತುಂಗಭದ್ರೆಯರ ನಡುವಿನ ನಡಿಗಡ್ಡೆಯಲ್ಲಿ, ಅಂದರೆ ಗದ್ವಾಲ, ಆಲಂಪುರ, ಮಾನೋಪಾಡುಗಳ ಸೀಮೆಯಲ್ಲಿ, ಕನ್ನಡ, ತೆಲುಗು, ದಖನಿ ಮೂರೂ ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯವರೆಗೆ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಗೆ ಸೇರಿದ್ದವು. ಆಮೇಲೆ ಮಹಬೂಬನಗರಕ್ಕೆ ಹೋದವು. ಅಲ್ಲಿ ತುಪಾಕಿಯೂ ಬಂದೂಕೂ ಸಹಜವಾಗಿ ನೆರೆಹೊರೆಯಾಗಿವೆ. ಮಲೆನಾಡಿನವರು ಕೋವಿ ಎನ್ನುತ್ತಾರೆ, ಕೊಡವರು ತೋಕ್ ಎನ್ನುತ್ತಾರೆ. ಕುವೆಂಪು ಅವರ ಕಾದಂಬರಿಗಳನ್ನು ಓದಿದವರಿಗೆ ಕೇಪಿನ ಕೋವಿ, ತೋಟಾಕೋವಿ, ಜೋಡುನಳಿಗೆ, ಚರೆ, ಈಡು ಇವೆಲ್ಲ ಪರಿಚಿತ ಶಬ್ದಗಳು. ಕನ್ನಡಕ್ಕೆ ಈ ವಿಷಯವನ್ನು ಹೇಳಲು ಮಾತಿನ ಬಡತನವಿಲ್ಲ. ಚಿಲಕದ ರೈಫಲಿಗೆ ಮಾತ್ರ ನಮ್ಮಲ್ಲಿ ನೆಲೆಯೂರಿದ ಹೆಸರಿಲ್ಲ. ಬೋಲ್ಟ್ ಎಂದರೆ ಬಾಗಿಲಿನ ಚಿಲಕ. ಆದ್ದರಿಂದ ಇಲ್ಲಿ ಅದನ್ನು ಚಿಲಕವೆಂದೇ ಕರೆಯಲಾಗಿದೆ.

ಈ ಹೋಲಿಕೆ ಹೊರನೋಟದ್ದಷ್ಟೇ ಅಲ್ಲ. ಹಳೆಯ ಮನೆಯ ಬಾಗಿಲಿನ ಕಬ್ಬಿಣದ ಚಿಲಕವನ್ನು ತೆಗೆಯುವ ಕ್ರಮವನ್ನು ನೆನೆಯಬೇಕು. ಹಿಡಿಯನ್ನು ಮೇಲಕ್ಕೆತ್ತಿ, ಹಿಂದಕ್ಕೆ ಎಳೆಯಬೇಕು. ಹಾಕುವಾಗ ಮುಂದಕ್ಕೆ ನೂಕಿ, ಕೆಳಕ್ಕೆ ಬೀಳಿಸಬೇಕು. ರೈಫಲಿನಲ್ಲಿಯೂ ಈ ನಾಲ್ಕೇ ಚಲನೆಗಳು. ಎತ್ತಿದಾಗ ಬೀಗ ಸಡಿಲವಾಗುತ್ತದೆ. ಎಳೆದಾಗ ಸುಟ್ಟ ತೋಟಾದ ಹಿತ್ತಾಳೆಯ ಕೋಶ ಹೊರಗೆ ಸಿಡಿಯುತ್ತದೆ. ನೂಕಿದಾಗ ಹೊಸ ತೋಟಾ ನಳಿಗೆಯ ಬುಡದ ಗೂಡಿಗೆ ಸೇರುತ್ತದೆ. ಕೆಳಗಿಳಿಸಿದಾಗ ಚಿಲಕದ ಮುಂತುದಿಯ ಉಕ್ಕಿನ ಕಿವಿಗಳು ತಿರುಗಿ ತಮ್ಮ ಕಚ್ಚುಗಳಲ್ಲಿ ಕೂರುತ್ತವೆ. ಸಿಡಿಮದ್ದಿನ ಒತ್ತಡವನ್ನೆಲ್ಲ ತಡೆದುಕೊಳ್ಳುವುದು ಆ ಕಿವಿಗಳೇ. 1898ರಲ್ಲಿ ಜರ್ಮನಿಯ ಸೈನ್ಯಕ್ಕೆ ಬಂದ ಮೌಸರ್ ಮಾದರಿಯಲ್ಲಿ ಈ ಏರ್ಪಾಟು ಪಕ್ವವಾಯಿತು; ಮುಂದಿನ ಬೇಟೆಯ ರೈಫಲುಗಳಲ್ಲಿ ಬಹುಪಾಲು ಅದರ ವಂಶದವು.

ಚಿಲಕದ ಹಿಡಿ ಬಲಗಡೆಗಿರುತ್ತದೆ. ಬಲಗೈಯವನು ಎಡಗೈಯಿಂದ ಕೋವಿಯ ಮುಂಭಾಗವನ್ನು ಹೊತ್ತು, ಬಲ ಭುಜಕ್ಕೆ ಆನಿಸಿ, ಗುಂಡು ಹಾರಿದ ಮೇಲೆ ಬಲಗೈಯನ್ನಷ್ಟೇ ಸರಿಸಿ ಚಿಲಕವನ್ನು ಆಡಿಸುತ್ತಾನೆ. ಕೋವಿ ಭುಜದಿಂದ ಕದಲದು, ಕಣ್ಣು ಗುರಿಯಿಂದ ಸರಿಯದು. ಎಡಗೈಯವನು ಅದೇ ರೈಫಲನ್ನು ಎಡ ಭುಜಕ್ಕೆ ಆನಿಸಿದರೆ ಎಡಗೈಯನ್ನು ಕೋವಿಯ ಮೇಲಿಂದ ಆಚೆಗೆ ದಾಟಿಸಿ ಹಿಡಿಯನ್ನು ಹುಡುಕಬೇಕು. ಇಲ್ಲವೆ ಭಾರವನ್ನೆಲ್ಲ ಎಡಗೈಗೆ ವರ್ಗಾಯಿಸಿ, ಮುಂಭಾಗವನ್ನು ಹೊತ್ತಿದ್ದ ಬಲಗೈಯನ್ನು ಹಿಂದಕ್ಕೆ ತರಬೇಕು. ಎರಡರಲ್ಲಿಯೂ ಕೆನ್ನೆ ಮರದಿಂದ ಏಳುತ್ತದೆ, ಗುರಿ ತಪ್ಪುತ್ತದೆ, ಒಂದೆರಡು ಕ್ಷಣ ಜಾರುತ್ತವೆ. ಜಿಂಕೆಯ ಮುಂದೆ ಆ ಕ್ಷಣಗಳಿಗೆ ಬೆಲೆಯಿಲ್ಲ; ಗಾಯಗೊಂಡು ನುಗ್ಗುವ ಕಾಟಿಯ ಮುಂದೆ ಬೇರೇನಕ್ಕೂ ಬೆಲೆಯಿಲ್ಲ.

ಇನ್ನೊಂದು ಅಪಾಯ ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ಕೋಶ ಹೊರಬೀಳುವ ಕಿಂಡಿ ಇರುವುದೂ ಬಲಗಡೆಗೇ. ಬಲಗೈಯವನ ಮುಖ ಕೋವಿಯ ಎಡ ಮಗ್ಗುಲಲ್ಲಿರುವುದರಿಂದ ಕಿಂಡಿ ಅವನಿಗೆ ಬೆನ್ನು ತೋರಿಸಿಕೊಂಡಿರುತ್ತದೆ. ಎಡಗೈಯವನ ಕೆನ್ನೆ ಮಾತ್ರ ಕಿಂಡಿಯ ಬದಿಗೇ ಒರಗಿರುತ್ತದೆ. ತೋಟಾದ ಕೋಶ ಎಂದಾದರೂ ಬುಡದಲ್ಲಿ ಒಡೆದರೆ ಬಿಸಿ ಅನಿಲ ನುಗ್ಗುವುದು ಆ ಕಡೆಗೆ. ತೋಟಾ ದೊಡ್ಡದಾದಷ್ಟೂ ಉರಿಯುವ ಮದ್ದೂ ಹೆಚ್ಚು.

ಹಳೆಯ ಕೋವಿಗಳಲ್ಲಿ ಈ ಪಕ್ಷಪಾತ ಇರಲಿಲ್ಲವೆಂದಲ್ಲ. ಚಕಮಕಿ ಕೋವಿಯ ಕುದುರೆಯೂ ಮದ್ದಿನ ಬಟ್ಟಲೂ ಬಲ ಮಗ್ಗುಲಲ್ಲೇ ಇದ್ದವು. ಎಡ ಭುಜದಿಂದ ಹೊಡೆದವನ ಕಣ್ಣೆದುರಿಗೇ ಕಿಡಿ ಹಾರುತ್ತಿತ್ತು. ಕೇಪಿನ ಕೋವಿಯಲ್ಲಿ ಅದು ಕಡಮೆಯಾಯಿತು. ಜೋಡುನಳಿಗೆಯ ಕೋವಿ ನಡುವೆ ಮುರಿದು ತೆರೆಯುವಂಥದಾದ್ದರಿಂದ ಎರಡು ಕೈಗೂ ಹೆಚ್ಚುಕಡಿಮೆ ಸಮಾನವಾಯಿತು. ದೊಡ್ಡ ಬೇಟೆಗೆ ಜೋಡುನಳಿಗೆಯ ರೈಫಲನ್ನೇ ನೆಚ್ಚಿದವರಲ್ಲಿ ಎಡಗೈಯವರಿಗೆ ಕೊರತೆಯಿರಲಿಲ್ಲ. ಆದರೆ ಅದರ ಬೆಲೆ ಶ್ರೀಮಂತರ ಕೈಗೆ ಮಾತ್ರ ಎಟುಕುವಂಥದು.

ದೊಡ್ಡ ತೋಟಾ ಎಂದರೆ ಎಷ್ಟು ದೊಡ್ಡದು? ಹಿಂದಿನ ಲೆಕ್ಕ ಸೀಸದ ಉಂಡೆಗಳದು. ಒಂದು ಪೌಂಡ್ ಸೀಸದಲ್ಲಿ ನಳಿಗೆಗೆ ಸರಿಹೊಂದುವ ಉಂಡೆಗಳನ್ನು ಎಷ್ಟು ಮಾಡಬಹುದೋ ಅಷ್ಟು ಬೋರ್. ನಮ್ಮ ಹಳ್ಳಿಗಳ ಹನ್ನೆರಡು ಬೋರಿನ ಕೋವಿಗೆ ಹೆಸರು ಬಂದದ್ದು ಹೀಗೆ. ಮೈಸೂರು ಸೀಮೆಯಲ್ಲಿ 1870ರ ದಶಕದಲ್ಲಿ ಖೆಡ್ಡಾ ನಡೆಸಿದ ಜಿ. ಪಿ. ಸ್ಯಾಂಡರ್ಸನ್ ಆನೆ, ಕಾಟಿಗಳಿಗೆ ನಾಲ್ಕು ಮತ್ತು ಎಂಟು ಬೋರಿನ ಕೋವಿಗಳನ್ನು ಬಳಸುತ್ತಿದ್ದ; ಅವನ ಅನುಭವ ಕಥನ 1878ರಲ್ಲಿ ಪ್ರಕಟವಾಯಿತು. ನಾಲ್ಕು ಬೋರಿನ ಒಂದು ಉಂಡೆಯ ತೂಕ ಕಾಲು ಪೌಂಡ್, ಅಂದರೆ ಸುಮಾರು 113 ಗ್ರಾಂ. ಕರಿಮದ್ದಿನ ಕಾಲದಲ್ಲಿ ವೇಗ ಹೆಚ್ಚಿಸುವ ಉಪಾಯ ತಿಳಿದಿರಲಿಲ್ಲ, ತೂಕ ಹೆಚ್ಚಿಸುವುದೊಂದೇ ದಾರಿಯಾಗಿತ್ತು. ಹೊಗೆಯಿಲ್ಲದ ಮದ್ದು ಬಂದ ಮೇಲೆ ಗುಂಡು ಸಣ್ಣದಾಯಿತು, ವೇಗ ಏರಿತು, ಅಳತೆ ಅಂಗುಲದ ಸಾವಿರದ ಭಾಗಗಳಿಗೆ ಇಳಿಯಿತು. ಕ್ಯಾಲಿಬರ್ ಎಂಬ ಮಾತು ಪ್ರಚಾರಕ್ಕೆ ಬಂದದ್ದು ಈ ಅಳತೆಗೆ. ಅದರ ಬೇರು ಅರಬ್ಬಿಯ ಕಾಲಿಬ್, ಎಂದರೆ ಅಚ್ಚು.

ಕ್ಯಾಲಿಬರನ್ನು ಭೌತಶಾಸ್ತ್ರವೊಂದೇ ನಿರ್ಧರಿಸಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷ್ ಸರಕಾರ ಭಾರತದಲ್ಲಿ .450 ಅಳತೆಯ ಬೇಟೆಯ ರೈಫಲುಗಳನ್ನು ತಡೆಯಿತು. ಸೈನ್ಯದ ಹಳೆಯ ಮಾರ್ಟಿನಿ ಹೆನ್ರಿ ಕೋವಿಗಳ ಗುಂಡೂ ಅದೇ ಅಳತೆಯದು. ಬೇಟೆಗಾರರ ತೋಟಾ ಬಂಡಾಯಗಾರರ ಕೈ ಸೇರಬಹುದೆಂಬ ಭಯ. ಲಂಡನ್ನಿನ ಕೋವಿ ತಯಾರಕರು ಭಾರತದ ಮಾರುಕಟ್ಟೆಯನ್ನು ಬಿಡಲಾರದೆ .465, .470, .475, .476 ಎಂದು ಕೂದಲೆಳೆಯ ಅಂತರದ ಹೊಸ ತೋಟಾಗಳನ್ನು ಸೃಷ್ಟಿಸಿದರು. ಇಂದಿಗೂ ಜಗತ್ತಿನ ದೊಡ್ಡ ಬೇಟೆಯ ತೋಟಾಗಳ ಪಟ್ಟಿಯಲ್ಲಿ ಕಾಣುವ ಆ ವಿಚಿತ್ರ ಸಂಖ್ಯೆಗಳ ಹಿಂದೆ ಇರುವುದು ವಸಾಹತು ಆಡಳಿತದ ಅನುಮಾನ.

ಬೆಂಗಳೂರಿನ ಕೆನೆತ್ ಆಂಡರ್ಸನ್ ಅವರ ರೈಫಲನ್ನು ಇಲ್ಲಿ ನೆನೆಯಬೇಕು. ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕತೆಗಳು’ ಮಾಲಿಕೆಯಿಂದಾಗಿ ಆಂಡರ್ಸನ್ ಕನ್ನಡದ ಓದುಗರಿಗೆ ಮನೆಯವರಂತಾದರು. ಅವರ ಕೈಯಲ್ಲಿದ್ದದ್ದು .405 ವಿಂಚೆಸ್ಟರ್, 1895ರ ಮಾದರಿ. ಅದು ಚಿಲಕದ್ದಲ್ಲ, ಕುದುರೆಯ ಕೆಳಗಿನ ಸನ್ನೆಯೊಂದನ್ನು ಕೆಳಕ್ಕೂ ಮೇಲಕ್ಕೂ ಆಡಿಸಿದರೆ ತೋಟಾ ಬದಲಾಗುತ್ತದೆ. ಸನ್ನೆ ಇರುವುದು ನಟ್ಟನಡುವೆ, ತೋಟಾ ತುಂಬುವುದು ಮೇಲಿನಿಂದ, ಕೋಶ ಹಾರುವುದೂ ಮೇಲಕ್ಕೇ. ಎಡಗೈಯವನಿಗೂ ಬಲಗೈಯವನಿಗೂ ಅದು ಸಮಾನ. ಸುಮಾರು 19 ಗ್ರಾಂ ತೂಕದ ಅದರ ಗುಂಡು ಹುಲಿಗೆ, ಕರಡಿಗೆ ಧಾರಾಳವಾಗಿ ಸಾಕು. ಈ ಬಗೆಯ ರೈಫಲೇ ಪ್ರಚಾರದಲ್ಲಿ ಉಳಿದಿದ್ದರೆ ಎಡಗೈಯ ಪ್ರಶ್ನೆ ಏಳುತ್ತಿರಲಿಲ್ಲ. ಆದರೆ ಅತಿ ಹೆಚ್ಚಿನ ಒತ್ತಡದ ಉದ್ದನೆಯ ತೋಟಾಗಳಿಗೆ ಚಿಲಕದ ಸರಳತೆ ಮತ್ತು ಗಟ್ಟಿತನ ಒಗ್ಗಿದಷ್ಟು ಸನ್ನೆ ಒಗ್ಗಲಿಲ್ಲ. ಚಿಲಕ ಗೆದ್ದಿತು, ಅದರೊಡನೆ ಬಲಗೈಯೂ ಗೆದ್ದಿತು.

ಎಡಗೈಯ ಚಿಲಕದ ರೈಫಲ್ ಕಾರ್ಖಾನೆಯಿಂದ ಸಾಲುಸಾಲಾಗಿ ಹೊರಬಂದದ್ದು 1950ರ ದಶಕದ ಕೊನೆಯಲ್ಲಿ, ಅಮೆರಿಕದ ಸ್ಯಾವೇಜ್ ಕಂಪನಿಯ 110ನೆಯ ಮಾದರಿಯಲ್ಲಿ. ಆಮೇಲೆ ರೆಮಿಂಗ್ಟನ್ ಮುಂತಾದವರೂ ತಯಾರಿಸಿದರು. ಅವೆಲ್ಲ ಬಹುಮಟ್ಟಿಗೆ ಜಿಂಕೆ, ಕಡವೆಗಳ ಅಳತೆಯ ತೋಟಾಗಳವು. ಕೊಳ್ಳುವವರು ಹತ್ತಕ್ಕೆ ಒಬ್ಬರು. ಅವರಲ್ಲಿ ಆಫ್ರಿಕಾದ ಕಾಡೆಮ್ಮೆಗೋ ಆನೆಗೋ ಹೋಗುವವರು ಸಾವಿರಕ್ಕೆ ಒಬ್ಬರು. ಅಷ್ಟು ಜನಕ್ಕಾಗಿ ಯಾವ ಕಾರ್ಖಾನೆ ಅಚ್ಚುಗಳನ್ನು ಬದಲಿಸೀತು? ಆದ್ದರಿಂದ ದೊಡ್ಡ ತೋಟಾ ಬೇಕೆನ್ನುವ ಎಡಗೈಯವನು ಸಣ್ಣ ತೋಟಾದ ಎಡಗೈ ರೈಫಲನ್ನು ಕೊಂಡು, ನುರಿತ ಕುಶಲಕರ್ಮಿಯ ಬಳಿಗೆ ಹೋಗುತ್ತಾನೆ.

ಈ ಮಾರ್ಪಾಟು ಎಂದರೆ ಇದ್ದ ನಳಿಗೆಯ ತೂತನ್ನು ಅಗಲ ಮಾಡುವುದು ಎಂದು ಹೊರಗಿನವರು ಭಾವಿಸುತ್ತಾರೆ. ಅಳತೆಯಲ್ಲಿ ಅಲ್ಪ ವ್ಯತ್ಯಾಸವಿದ್ದಾಗ ಅದೂ ಉಂಟು. ಆದರೆ 7.8 ಮಿಲಿಮೀಟರ್ ಗುಂಡಿನ ತೆಳು ನಳಿಗೆಯನ್ನು 11.6 ಮಿಲಿಮೀಟರಿಗೆ ಕೊರೆದರೆ ಉಳಿಯುವ ಉಕ್ಕಿನ ಗೋಡೆ ಕಾಗದದ ಸುರುಳಿಯ ಗತಿಯದಾಗುತ್ತದೆ. ಆದ್ದರಿಂದ ನಳಿಗೆಯೇ ಹೊಸದಾಗಬೇಕು. ಅದು ಕೆಲಸದ ಸುಲಭದ ಭಾಗ. ಕಷ್ಟವಿರುವುದು ಅದರ ಹಿಂದೆ.

ಚಿಲಕದ ಮುಖ ತೋಟಾದ ಬುಡವನ್ನು ಹಿಡಿಯುವಷ್ಟೇ ಅಗಲವಾಗಿರುತ್ತದೆ. ಸಾಮಾನ್ಯವಾದ .30-06 ತೋಟಾದ ಬುಡ 12 ಮಿಲಿಮೀಟರ್. .375 ಹಾಲೆಂಡ್ ಅಂಡ್ ಹಾಲೆಂಡ್ ತೋಟಾದ ಬುಡ 13.5 ಮಿಲಿಮೀಟರ್. .416 ರಿಗ್ಬಿಯದು ಸುಮಾರು 15. ಚಿಲಕದ ಮುಖವನ್ನು ಕೆತ್ತಿ ಅಗಲ ಮಾಡುತ್ತ ಹೋದಂತೆ ಅದರ ಅಂಚು ತೆಳುವಾಗುತ್ತದೆ, ಕೋಶವನ್ನು ಕೀಳುವ ಕೊಕ್ಕೆಗೆ ಜಾಗ ಸಾಲದಾಗುತ್ತದೆ. ಉದ್ದದ ಮಾತೂ ಹಾಗೆಯೇ. .30-06 ತೋಟಾ ತುದಿಯಿಂದ ಬುಡದವರೆಗೆ ಸುಮಾರು 85 ಮಿಲಿಮೀಟರ್; .375 ಅದಕ್ಕಿಂತ ಆರೇಳು ಮಿಲಿಮೀಟರ್ ಉದ್ದ, ರಿಗ್ಬಿ ಹತ್ತು ಮಿಲಿಮೀಟರಿಗೂ ಹೆಚ್ಚು ಉದ್ದ. ಚಿಲಕ ಹಿಂದಕ್ಕೆ ಸರಿಯುವ ದಾರಿ ಅಷ್ಟು ನೀಳವಾಗಿರದಿದ್ದರೆ ತೋಟಾ ಒಳಗೇ ಹೋಗದು. ದಾರಿಯನ್ನು ನೀಳಗೊಳಿಸಲು ಉಕ್ಕನ್ನು ಕೆತ್ತಿದರೆ, ಕಿವಿಗಳಿಗೆ ಆಸರೆಯಾದ ಭಾಗವೇ ಸವೆದುಹೋಗುವ ಭಯ.

ಇಲ್ಲಿ ಕುಶಲಕರ್ಮಿಗಳು ಕಂಡುಕೊಂಡ ಜಾಣ್ಮೆಯ ದಾರಿ ತೋಟಾಗಳ ವಂಶವೃಕ್ಷದಲ್ಲಿದೆ. 1912ರ .375 ತೋಟಾದ ಬುಡವನ್ನೇ ಆಧಾರವಾಗಿಟ್ಟುಕೊಂಡು, ಅದರ ಮೈಯನ್ನು ಮೊಟಕುಗೊಳಿಸಿ, 1956ರಲ್ಲಿ .458 ವಿಂಚೆಸ್ಟರ್ ಮ್ಯಾಗ್ನಂ ಬಂದಿತು. ಮುಂದೆ 1962ರ 7 ಮಿಲಿಮೀಟರ್ ರೆಮಿಂಗ್ಟನ್ ಮ್ಯಾಗ್ನಂ, 1963ರ .300 ವಿಂಚೆಸ್ಟರ್ ಮ್ಯಾಗ್ನಂ ಅದೇ ಕುಲದಲ್ಲಿ ಹುಟ್ಟಿದವು. ಇವೆಲ್ಲವುಗಳ ಬುಡ ಒಂದೇ ಅಳತೆ. ಕೊನೆಯ ಎರಡು ಜಿಂಕೆ, ಕಡವೆಗಳ ಬೇಟೆಗೆ ಜನಪ್ರಿಯವಾದ್ದರಿಂದ ಎಡಗೈಯ ರೈಫಲುಗಳಲ್ಲಿಯೂ ಸಿಗುತ್ತವೆ. ಅಂಥದೊಂದನ್ನು ಹಿಡಿದು .458ಕ್ಕೆ ತಿರುಗಿಸಿದರೆ ಚಿಲಕದ ಮುಖವನ್ನು ಮುಟ್ಟಬೇಕಿಲ್ಲ, ಉದ್ದವೂ ಬಹುತೇಕ ಅದೇ. ಎಡಗೈಯ ಬೇಟೆಗಾರರಲ್ಲಿ .458 ಇಷ್ಟು ಪ್ರಿಯವಾಗಲು ಅದರ ಗುಣಕ್ಕಿಂತ ಈ ಅನುಕೂಲವೇ ಹೆಚ್ಚಿನ ಕಾರಣ ಎನ್ನಬಹುದು.

ಆದರೂ ತೋಟಾ ಪೆಟ್ಟಿಗೆಯಿಂದ ಮೇಲೆದ್ದು ಗೂಡಿಗೆ ಸೇರುವ ಹಾದಿ ಉಳಿದೇ ಇರುತ್ತದೆ. ಸಪೂರ ಕುತ್ತಿಗೆಯ ತೋಟಾ ತಾನಾಗಿ ಜಾರಿಕೊಂಡು ಹೋಗುತ್ತದೆ. ಮೊಂಡು ಮೂತಿಯ, ಕುತ್ತಿಗೆಯೇ ಇಲ್ಲದ.458 ತೋಟಾ ಅಂಚಿಗೆ ತಾಗಿ ನಿಲ್ಲುತ್ತದೆ. ಪೆಟ್ಟಿಗೆಯ ತುಟಿಗಳ ಓರೆ, ಸ್ಪ್ರಿಂಗಿನ ಬಲ, ತೋಟಾವನ್ನು ಎತ್ತುವ ತಗಡಿನ ಆಕಾರ ಇವು ಮೂರೂ ಹೊಂದಿಕೊಳ್ಳಬೇಕು. ಈ ಕೆಲಸಕ್ಕೆ ಯಂತ್ರಕ್ಕಿಂತ ಕೈಯ ಅನುಭವವೇ ಬೇಕೆಂದು ಬಲ್ಲವರು ಹೇಳುತ್ತಾರೆ. ದೊಡ್ಡ ಬೇಟೆಯಲ್ಲಿ ಎರಡನೆಯ ಈಡು ಸಿಕ್ಕಿಹಾಕಿಕೊಂಡರೆ ಮೂರನೆಯದಕ್ಕೆ ಅವಕಾಶವಿರುವುದಿಲ್ಲ.

ಹಿಮ್ಮೊಗದ ಒದೆತದ ಲೆಕ್ಕವನ್ನು ಪದವಿ ತರಗತಿಯ ಯಾವ ವಿದ್ಯಾರ್ಥಿಯೂ ಹಾಕಬಹುದು. .30-06ರ 11.7 ಗ್ರಾಂ ಗುಂಡು ಸೆಕೆಂಡಿಗೆ ಸುಮಾರು 820 ಮೀಟರ್ ವೇಗದಲ್ಲಿ ಹೊರಡುತ್ತದೆ. .458ರ 32.4 ಗ್ರಾಂ ಗುಂಡಿನ ವೇಗ ಸುಮಾರು 620 ಮೀಟರ್. ತೂಕ, ವೇಗಗಳ ಗುಣಲಬ್ಧ ಇಮ್ಮಡಿಗಿಂತ ತುಸು ಹೆಚ್ಚಾಯಿತು. ಕೋವಿಯ ತೂಕ ಅಷ್ಟೇ ಇದ್ದರೆ ಅದು ಹಿಂದಕ್ಕೆ ಸರಿಯುವ ವೇಗವೂ ಇಮ್ಮಡಿಯಾಗುತ್ತದೆ. ಶಕ್ತಿ ವೇಗದ ವರ್ಗವನ್ನು ಅನುಸರಿಸುವುದರಿಂದ ಭುಜಕ್ಕೆ ಬೀಳುವ ಹೊಡೆತ ನಾಲ್ಕು ಪಟ್ಟಿಗೂ ಮಿಗಿಲು. ಭುಜ ಹೇಗೋ ತಾಳಿಕೊಳ್ಳುತ್ತದೆ, ಮರ ತಾಳದು. ತೋಟಾ ಪೆಟ್ಟಿಗೆಗೂ ಕುದುರೆಗೂ ನಡುವಿನ ತೆಳು ಮರ ಸೀಳುವುದು ಇಂಥ ಮಾರ್ಪಾಟುಗಳಲ್ಲಿ ಎಲ್ಲರೂ ಕಂಡ ದೋಷ. ಅದಕ್ಕಾಗಿ ಮರದೊಳಗೆ ಅಡ್ಡ ಬೋಲ್ಟುಗಳನ್ನು ಹಾಯಿಸುತ್ತಾರೆ, ನಳಿಗೆಗೆ ಎರಡನೆಯ ಆನಿಕೆಯನ್ನು ಕೂಡಿಸುತ್ತಾರೆ, ಕೋವಿಯ ತೂಕವನ್ನು ಬೇಕೆಂದೇ ಹೆಚ್ಚಿಸುತ್ತಾರೆ. ಮರದ ಕೆನ್ನೆಯ ದಿಂಬು ಬಲ ಮಗ್ಗುಲಿಗೆ ಬರಬೇಕು. ಇಷ್ಟೆಲ್ಲ ಆದ ಮೇಲೆ ಪ್ರಮಾಣಿತ ಕೇಂದ್ರದಲ್ಲಿ ಸಾಮಾನ್ಯಕ್ಕಿಂತ ಹೆಚ್ಚಿನ ಒತ್ತಡದ ತೋಟಾದಿಂದ ಪರೀಕ್ಷಿಸಿ ಮುದ್ರೆ ಹಾಕಿಸಬೇಕು. ಆ ಮುದ್ರೆಯಿಲ್ಲದ ಮಾರ್ಪಾಟನ್ನು ಮುಖಕ್ಕೆ ಆನಿಸುವುದು ಹುಚ್ಚುತನ.

ಭಾರತದಲ್ಲಿ ಈ ಕೆಲಸದ ಸ್ಥಿತಿ ಬೇರೆ. 1959ರ ಶಸ್ತ್ರಾಸ್ತ್ರ ಕಾಯಿದೆಯ 5ನೆಯ ಕಲಮು ತಯಾರಿಕೆ, ಮಾರಾಟಗಳೊಡನೆ ಮಾರ್ಪಾಟು, ದುರಸ್ತಿ, ಪರೀಕ್ಷೆಗಳನ್ನೂ ಪರವಾನಗಿಗೆ ಒಳಪಡಿಸಿದೆ. ಕೋವಿಯ ಒಡೆಯನ ಬಳಿ ಲೈಸೆನ್ಸ್ ಇದ್ದ ಮಾತ್ರಕ್ಕೆ ಅದರ ಅಳತೆಯನ್ನು ಬದಲಿಸುವ ಅಧಿಕಾರ ಬರುವುದಿಲ್ಲ. 2019ರ ತಿದ್ದುಪಡಿಯ ಮೇಲೆ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. ನಾಗರಿಕರಿಗಾಗಿ ಇಶಾಪುರದ ಸರಕಾರಿ ಕಾರ್ಖಾನೆ ತಯಾರಿಸಿದ .315 ರೈಫಲ್ ಲೀ ಎನ್‌ಫೀಲ್ಡ್ ಮನೆತನದ್ದು. ಅದರ ಚಿಲಕದ ಹಿಡಿ ಬಲಗಡೆಗೇ ಇದೆ. ಅದರ ಕಿವಿಗಳಿರುವುದು ಚಿಲಕದ ಹಿಂತುದಿಯಲ್ಲಿ. ಭಾರಿ ತೋಟಾಗಳ ಒತ್ತಡಕ್ಕೆ ಆ ರಚನೆ ತಕ್ಕುದಲ್ಲ. ಬೇಟೆಯೇ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ನಿಂತುಹೋಯಿತು. ಮನುಷ್ಯರ ಪ್ರಾಣಕ್ಕೆ ಎರವಾದ ಪ್ರಾಣಿಯ ವಿಷಯದಲ್ಲಿ ಮುಖ್ಯ ವನ್ಯಜೀವಿ ಪಾಲಕರ ಲಿಖಿತ ಆದೇಶ ಬೇಕು. ಆಗಲೂ ಮೊದಲು ಯೋಚಿಸುವುದು ಅರಿವಳಿಕೆಯ ಬಾಣವನ್ನು. ಬಯಲುಸೀಮೆಯ ನಡಿಗಡ್ಡೆಗಂತೂ ಆನೆ ಕಾಟಿಗಳ ತೋಟಾ ಎಂದೂ ಬೇಕಿರಲಿಲ್ಲ.

ಹೀಗಾಗಿ ಎಡಗೈಯ ದೊಡ್ಡ ರೈಫಲ್ ಕನ್ನಡಿಗನ ಕೈಗೆ ಬರಬಹುದಾದರೆ ಅದು ಬೇಟೆಗೆ ಕಾನೂನಿನ ಸಮ್ಮತಿಯಿರುವ ಹೊರದೇಶಗಳಲ್ಲಿ. ನಮ್ಮ ನಾಡಿನಲ್ಲಿ ಕೋವಿ ಜೀವಂತ ಸಂಸ್ಕೃತಿಯಾಗಿ ಉಳಿದಿರುವುದು ಕೊಡಗಿನಲ್ಲಿ. ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಿತು. ಕರ್ನಾಟಕ ಉಚ್ಚ ನ್ಯಾಯಾಲಯ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗಳನ್ನು ಸಾಲಾಗಿ ಇಟ್ಟು, ನಳಿಗೆಗೆ ತೋಕ್ ಪೂ ಮುಡಿಸಿ ಪೂಜಿಸುತ್ತಾರೆ. ಅನಂತರ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆ. ಅಲ್ಲಿ ಒಂಟಿನಳಿಗೆ, ಜೋಡುನಳಿಗೆಗಳನ್ನು ಹಿಡಿದ ಎಡಗೈಯವರು ಸಾಲಿನಲ್ಲಿ ಉಳಿದವರೊಡನೆ ನಿಂತು ಎಡ ಭುಜಕ್ಕೆ ಕೋವಿ ಆನಿಸುತ್ತಾರೆ; ನಡು ಮುರಿದು ತೆರೆಯುವ ಕೋವಿಯಲ್ಲಿ ಅವರಿಗಾಗಿ ಏನನ್ನೂ ಬದಲಿಸಬೇಕಾಗಿಲ್ಲ.